ಡಯಾಲಿಸಿಸ್ ನಡುವೆ ಬಿಪಿ ಬಿದ್ದರೆ: ಉಪ್ಪು, ಸಮಯ, ಮಾತ್ರೆ, ಮಷೀನು, ಯಾವುದಕ್ಕೆ ಮೊದಲು ಕೈ ಹಾಕಬೇಕು?

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಮೊದಲ ಎರಡು ಗಂಟೆ ಎಲ್ಲ ಸರಿ. ಮೂರನೇ ಗಂಟೆಗೆ ಆಕಳಿಕೆ ಶುರು. ಆಮೇಲೆ ಬೆವರು, ಕಣ್ಣು ಮಂಜು, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು. ಸಿಸ್ಟರ್ ಬಂದು ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲು ಎತ್ತರಿಸಿ, ಸ್ವಲ್ಪ ಸಲೈನ್ ಬಿಡುತ್ತಾರೆ. ಬಿಪಿ ಏರುತ್ತದೆ. ಆದರೆ ತೆಗೆಯಬೇಕಿದ್ದ ನೀರು ಒಳಗೇ ಉಳಿಯುತ್ತದೆ.

ಇದಕ್ಕೆ ಏನು ಮಾಡುವುದು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಪಕ್ಕದ ಬೆಡ್‌ನವರು ಮಾತ್ರೆಯ ಹೆಸರು ಹೇಳುತ್ತಾರೆ. ಟೆಕ್ನೀಷಿಯನ್ ಮಷೀನಿನ ಟೆಂಪರೇಚರ್ ಇಳಿಸೋಣ ಅನ್ನುತ್ತಾರೆ. ದೊಡ್ಡ ಆಸ್ಪತ್ರೆಯವರು ಎಚ್‌ಡಿಎಫ್‌ಗೆ (ಹೀಮೋಡಯಾಫಿಲ್ಟ್ರೇಷನ್, ರಕ್ತವನ್ನು ಇನ್ನೂ ಹೆಚ್ಚು ಸೋಸುವ ಡಯಾಲಿಸಿಸ್) ಬನ್ನಿ ಅನ್ನುತ್ತಾರೆ. ಮನೆಯ ಹಿರಿಯರು ಮಾತ್ರ ಬಿಪಿ ಕಡಿಮೆ ಅಲ್ವಾ, ಉಪ್ಪು ಹಾಕಿದ ಮಜ್ಜಿಗೆ ಕುಡಿ ಎಂದು ಲೋಟ ಹಿಡಿದು ನಿಲ್ಲುತ್ತಾರೆ. ಇಷ್ಟರಲ್ಲಿ ಆ ಕೊನೆಯದೊಂದನ್ನು ಈಗಲೇ ಬಿಟ್ಟುಬಿಡಿ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಇದು ಬರೀ ಸುಸ್ತಿನ ವಿಷಯವಲ್ಲ. ಬಿಪಿ ಬಿದ್ದಾಗಲೆಲ್ಲ ಹೃದಯದ ಮಾಂಸಖಂಡಕ್ಕೂ ಮೆದುಳಿಗೂ ರಕ್ತ ಕಡಿಮೆ ಹೋಗುತ್ತದೆ. ಮತ್ತೆ ಮತ್ತೆ ಹೀಗಾದರೆ ಹೃದಯ ನಿಧಾನವಾಗಿ ಸೋಲುತ್ತದೆ. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಕಟ್ಟಿಕೊಳ್ಳುವ ಅಪಾಯವೂ ಇದೆ. ಮೇಲಿನ ಬಿಪಿ 20 ಅಂಕಕ್ಕಿಂತ ಹೆಚ್ಚು ಇಳಿದು, ಜೊತೆಗೆ ಇಂಥ ಲಕ್ಷಣ ಕಂಡರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 90ಕ್ಕಿಂತ ಕೆಳಗೆ ಹೋಗುವುದಂತೂ ಒಳ್ಳೆಯದಲ್ಲ, ನಿಮಗೆ ಏನೂ ಅನ್ನಿಸದಿದ್ದರೂ.

ಬೀಳುವುದು ಯಾಕೆ?

ಮಷೀನು ನೀರು ಎಳೆಯುವುದು ರಕ್ತದಿಂದ. ದೇಹದಲ್ಲಿ ರಕ್ತ ಇರುವುದು ಸುಮಾರು 5 ಲೀಟರ್. ಅದರಲ್ಲಿ ನೀರಿನ ಭಾಗ 3 ಲೀಟರ್ ಅಂದುಕೊಳ್ಳಿ. ಒಂದೇ ಸೆಷನ್‌ನಲ್ಲಿ 3 ಲೀಟರ್ ತೆಗೆದೂ ಮನುಷ್ಯ ಎದ್ದು ನಡೆಯುತ್ತಾನೆ ಎಂದರೆ, ಕಾಲಿನ ಊತದಲ್ಲಿ, ಮಾಂಸದ ಸಂದಿಯಲ್ಲಿ ಸೇರಿಕೊಂಡ ನೀರು ಅಷ್ಟಷ್ಟೇ ರಕ್ತಕ್ಕೆ ವಾಪಸ್ ಬರುತ್ತಿರುತ್ತದೆ ಎಂದರ್ಥ. ಬಾವಿಗೆ ಮೋಟರ್ ಇಟ್ಟ ಹಾಗೆ ಇದು. ಸೆಲೆ ಊರುವುದಕ್ಕಿಂತ ಜೋರಾಗಿ ಎಳೆದರೆ ಬಾವಿ ಬತ್ತುತ್ತದೆ, ಸುತ್ತ ನೆಲದಲ್ಲಿ ಎಷ್ಟೇ ನೀರಿದ್ದರೂ. ಮೈಯಲ್ಲಿ ಊತ ಇದ್ದೂ ಬಿಪಿ ಬೀಳುವುದು ಹೀಗೆ.

ನೀರು ಕಡಿಮೆಯಾದಾಗ ರಕ್ತನಾಳ ಬಿಗಿಯಾಗಿ, ಹೃದಯ ಜೋರಾಗಿ ಬಡಿದು ಬಿಪಿ ಹಿಡಿದಿಡಬೇಕು. ಹಳೆಯ ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ಕೆಲಸ ಮಾಡುವ ನರಗಳೇ ಸೋತಿರುತ್ತವೆ. ವಯಸ್ಸಾದವರಲ್ಲಿ, ಹೃದಯ ದುರ್ಬಲ ಇರುವವರಲ್ಲಿ ಕೂಡ ಹಾಗೇ. ಅದಕ್ಕೇ ಒಂದೇ ವಾರ್ಡಿನಲ್ಲಿ ಒಬ್ಬರಿಗೆ 3 ಲೀಟರ್ ತೆಗೆದರೂ ಏನಾಗುವುದಿಲ್ಲ, ಇನ್ನೊಬ್ಬರಿಗೆ ಒಂದೂವರೆ ಲೀಟರ್‌ಗೇ ತಲೆ ತಿರುಗುತ್ತದೆ.

ಅಳೆಯುವುದು ಹೇಗೆ?

ಯಾವ ಉಪಾಯವನ್ನಾದರೂ ನಾಲ್ಕು ಪ್ರಶ್ನೆ ಹಾಕಿ ನೋಡಿ. ಕಾರಣವನ್ನೇ ತೆಗೆಯುತ್ತದೋ, ಸುಮ್ನೆ ಬಿಪಿಯ ಅಂಕಿಯನ್ನು ಮೇಲೆ ಹಿಡಿದಿಡುತ್ತದೋ? ದುಡ್ಡು ಎಷ್ಟು ಬೇಡುತ್ತದೆ, ಒಂದು ದಿನದ ಕೂಲಿ, ಬಸ್ ಚಾರ್ಜು ಎಲ್ಲ ಸೇರಿಸಿ? ಮಾಡುವುದು ಯಾರ ಕೈಯಲ್ಲಿದೆ, ನಿಮ್ಮದೋ, ಟೆಕ್ನೀಷಿಯನ್‌ದೋ, ಡಾಕ್ಟರ್‌ದೋ? ಇವತ್ತು ಕೊಟ್ಟದ್ದಕ್ಕೆ ನಾಳೆ ಏನು ವಾಪಸ್ ಕೇಳುತ್ತದೆ?

ಇದರ ಜೊತೆ ಒಂದು ಲೆಕ್ಕ ಬೇಕು. ತೆಗೆಯುವ ನೀರನ್ನು ಮಿಲಿಲೀಟರ್‌ನಲ್ಲಿ ಬರೆದುಕೊಳ್ಳಿ. ಅದನ್ನು ನಿಮ್ಮ ತೂಕದಿಂದ ಭಾಗಿಸಿ, ಬಂದದ್ದನ್ನು ಗಂಟೆಗಳಿಂದ ಭಾಗಿಸಿ. 70 ಕೆಜಿಯವರಿಗೆ 4 ಗಂಟೆಯಲ್ಲಿ 3 ಲೀಟರ್ ತೆಗೆದರೆ ಗಂಟೆಗೆ ಕೆಜಿಗೆ ಸುಮಾರು 11 ಎಂಎಲ್. ಅದೇ 3 ಲೀಟರ್ 50 ಕೆಜಿಯವರಿಗೆ 15 ಆಗುತ್ತದೆ. 13 ದಾಟಿದವರಲ್ಲಿ ಹೃದಯದ ತೊಂದರೆ, ಸಾವು ಎರಡೂ ಜಾಸ್ತಿ ಎಂದು ಅಮೆರಿಕದ ಡಯಾಲಿಸಿಸ್ ರೋಗಿಗಳ ಅಂಕಿ ಅಂಶ ತೋರಿಸಿದೆ. 13 ಅನ್ನುವುದು ಲಕ್ಷ್ಮಣರೇಖೆಯೇನಲ್ಲ. 10ರ ಆಸುಪಾಸು ಇದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಮೈ ಸಣ್ಣಗಿರುವ ಹೆಂಗಸರು, ಮುದುಕರು ಈ ಲೆಕ್ಕದಲ್ಲಿ ಬೇಗ ಸಿಕ್ಕಿಬೀಳುತ್ತಾರೆ. ಅವರಿಗೂ ದೊಡ್ಡ ಆಳಿಗೂ ಒಂದೇ ನಾಲ್ಕು ಗಂಟೆ ಅಲ್ವಾ.

ಈಗ ಒಂದು ಉದಾಹರಣೆ. 50 ಕೆಜಿ ತೂಕ, ವಾರಕ್ಕೆ ಎರಡು ಸಲ, ಸಲಕ್ಕೆ 4 ಗಂಟೆ, ದಿನಕ್ಕೆ ಒಂದು ಲೀಟರ್ ಏರಿಕೆ. ಸಲಕ್ಕೆ ಸರಾಸರಿ ಮೂರೂವರೆ ಲೀಟರ್ ತೆಗೆಯಬೇಕು. ಲೆಕ್ಕ 17.5 ಬರುತ್ತದೆ. ನಾಲ್ಕು ದಿನದ ಅಂತರ ಬಿದ್ದ ಸೆಷನ್‌ನಲ್ಲಿ 20. ಬಿಪಿ ಬೀಳದಿದ್ದರೇ ಆಶ್ಚರ್ಯ. ಇವರ ಮುಂದೆ ಮೂರು ದಾರಿ ಇವೆ. ಸೆಷನ್ 5 ಗಂಟೆ ಮಾಡಿದರೆ 14ಕ್ಕೆ ಇಳಿಯುತ್ತದೆ. ವಾರಕ್ಕೆ ಮೂರನೇ ಸೆಷನ್ ಸೇರಿಸಿದರೆ 12ರ ಹತ್ತಿರ. ಏನೂ ಸೇರಿಸದೆ, ದಿನದ ಏರಿಕೆಯನ್ನು ಒಂದು ಲೀಟರ್‌ನಿಂದ 700 ಎಂಎಲ್‌ಗೆ ಇಳಿಸಿದರೂ 12ರ ಹತ್ತಿರವೇ.

ಆ 300 ಎಂಎಲ್‌ಗೆ ಅಡುಗೆಮನೆಯ ಬೆಲೆ ಎಷ್ಟು? ದೇಹ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳಲು ಸುಮಾರು 9 ಗ್ರಾಂ ಉಪ್ಪು ಬೇಕು. 300 ಎಂಎಲ್ ಎಂದರೆ ಮೂರು ಗ್ರಾಂಗೂ ಸ್ವಲ್ಪ ಕಡಿಮೆ, ಅಂದಾಜು ಅರ್ಧ ಟೀ ಚಮಚ.

ಉಪ್ಪು

ಆದ್ದರಿಂದ ನನ್ನ ಪಟ್ಟಿಯಲ್ಲಿ ಉಪ್ಪಿನದೇ ಮೊದಲ ಜಾಗ. ಖರ್ಚಿಲ್ಲ, ಯಾರ ಅನುಮತಿಯೂ ಬೇಡ, ಕಾರಣದ ಬುಡಕ್ಕೇ ಹೋಗುತ್ತದೆ. ನೀರು ಕಡಿಮೆ ಕುಡಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ಉಪ್ಪು ತಿಂದವನಿಗೆ ನೀರು ಬೇಡ ಅನ್ನುವುದು ಹಿಂಸೆ. ಉಪ್ಪು ಇಳಿದರೆ ಬಾಯಾರಿಕೆ ತಾನಾಗಿ ಇಳಿಯುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಬರೀ ಮನಸ್ಸು ಗಟ್ಟಿ ಮಾಡಿಕೊಂಡು ಬಾಯಾರಿಕೆ ಗೆಲ್ಲಲು ಆಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು: ಶುಗರ್ ಏರಿದರೂ ದಾಹ ಏರುತ್ತದೆ. ಉಪ್ಪು ಬಿಟ್ಟೂ ದಾಹ ಹೋಗದಿದ್ದರೆ ಶುಗರ್ ನೋಡಿಸಿ.

ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಎಲ್ಲ ಮುಗಿಯಬೇಕು. ಸಾರಿಗೆ ಹಾಕುವ ಉಪ್ಪಿಗಿಂತ ಪಕ್ಕದಲ್ಲಿ ಬಡಿಸಿಕೊಳ್ಳುವುದೇ ಜಾಸ್ತಿ ಕೆಡಿಸುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಚಟ್ನಿಪುಡಿ, ಕರಾವಳಿಯಲ್ಲಿ ಒಣಮೀನು. ಬೇಕರಿಯ ಬನ್ನು, ಬಿಸ್ಕತ್ತು ಸಿಹಿಯಾಗಿದ್ದರೂ ಒಳಗೆ ಉಪ್ಪು, ಸೋಡಾ ಎರಡೂ ಇರುತ್ತವೆ. ಹೋಟೆಲ್ ಸಾಂಬಾರ್ ಬಗ್ಗೆ ಹೇಳುವುದೇ ಬೇಡ. ಮನೆಯಲ್ಲಿ ಎಲ್ಲರಿಗೂ ಉಪ್ಪಿಲ್ಲದೆ ಮಾಡಿ, ಉಳಿದವರು ತಟ್ಟೆಗೆ ಹಾಕಿಕೊಳ್ಳುವುದು ಸುಲಭದ ದಾರಿ. ಬೆಳ್ಳುಳ್ಳಿ ಒಗ್ಗರಣೆ, ಮೆಣಸು, ಜೀರಿಗೆ, ಒಂದೆರಡು ಹನಿ ನಿಂಬೆ ಇದ್ದರೆ ಎರಡು ಮೂರು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ತಿಳಿಸಾರು, ಮಜ್ಜಿಗೆ, ಗಂಜಿ, ಅಂಬಲಿ ಎಲ್ಲ ನೀರಿನ ಲೆಕ್ಕಕ್ಕೇ ಸೇರುತ್ತವೆ. ಉಪ್ಪಿನ ಮಜ್ಜಿಗೆ ಬೇಡ ಎಂದದ್ದು ಇದಕ್ಕೇ. ಅದರಿಂದ ಏರುವ ಬಿಪಿ ಒಂದು ಗಳಿಗೆಯದು, ಏರುವ ತೂಕ ಮುಂದಿನ ಸೆಷನ್‌ಗೆ ಹೊರೆ.

ಎರಡು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಡಯಾಲಿಸಿಸ್‌ನವರಿಗೆ ಅದು ಹೃದಯ ನಿಲ್ಲಿಸುವಷ್ಟು ಅಪಾಯ. ಎಳನೀರೂ ಹಾಗೇ. ಇನ್ನೊಂದು, ರುಚಿ ಹೋಯಿತು ಎಂದು ವಯಸ್ಸಾದವರು ಊಟವನ್ನೇ ಕಡಿಮೆ ಮಾಡಿದರೆ ಪ್ರೋಟೀನ್ ಇಳಿಯುತ್ತದೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಕುಸಿದರೆ ಮೈಯಿಂದ ರಕ್ತಕ್ಕೆ ನೀರು ವಾಪಸ್ ಬರುವುದೂ ನಿಧಾನವಾಗುತ್ತದೆ. 75ರ ಅಜ್ಜಿ ಅರ್ಧ ಮುದ್ದೆ ತಿನ್ನುವುದೇ ಕಷ್ಟ ಎಂದಿದ್ದರೆ, ಕಟ್ಟುನಿಟ್ಟು ಸಡಿಲಿಸಿ ಬೇರೆ ದಾರಿ ನೋಡುವುದೇ ಸರಿ.

ಇನ್ನೂ ಮೂತ್ರ ಹೋಗುತ್ತಿರುವವರಿಗೆ ಇನ್ನೊಂದು ಅಗ್ಗದ ಆಸರೆ ಇದೆ. ದಿನಕ್ಕೆ 300 ಎಂಎಲ್ ಮೂತ್ರ ಹೋದರೂ ಮೇಲಿನ ಲೆಕ್ಕದಲ್ಲಿ ಅರ್ಧ ಚಮಚ ಉಪ್ಪು ಬಿಟ್ಟಷ್ಟೇ ಲಾಭ. ಮೂತ್ರ ಹೆಚ್ಚಿಸುವ ಮಾತ್ರೆ ಮುಂದುವರಿಸಬಹುದೇ ಎಂದು ಕಿಡ್ನಿ ಡಾಕ್ಟರ್, ಅಂದರೆ ನೆಫ್ರಾಲಜಿಸ್ಟ್‌ರನ್ನು ಕೇಳಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗಿ ಆ ಉಳಿದಷ್ಟನ್ನೂ ಕಳೆದುಕೊಳ್ಳಬೇಡಿ.

ಸಮಯ

ಸಮಯ ಹೆಚ್ಚಿಸುವುದು ನನ್ನ ಎರಡನೇ ಆಯ್ಕೆ. ರೋಗಿಗೂ ಇಷ್ಟವಿಲ್ಲ, ಸೆಂಟರಿಗೂ ಇಷ್ಟವಿಲ್ಲ, ಆದರೂ. ನಿಧಾನಕ್ಕೆ ತೆಗೆದರೆ ದೇಹ ತಡೆದುಕೊಳ್ಳುತ್ತದೆ. ಮಷೀನು ಬದಲಿಸಬೇಕಿಲ್ಲ, ಔಷಧಿ ಇಲ್ಲ. ರಕ್ತ ಶುದ್ಧವಾಗುವುದೂ ಜಾಸ್ತಿ.

ತೊಂದರೆ ಇರುವುದು ಶಿಫ್ಟಿನಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ನಿಮ್ಮ ಹಾಸಿಗೆಗೆ ಇನ್ನೊಬ್ಬರು ಹೊರಗೆ ಕಾಯುತ್ತಿರುತ್ತಾರೆ. ಅಲ್ಲಿ ಐದು ಗಂಟೆ ಕೇಳಿದರೆ ಸಿಗುವುದು ಕಷ್ಟ. ಅರ್ಧ ಗಂಟೆ ಕೇಳಿ. ದಿನದ ಕೊನೆಯ ಶಿಫ್ಟ್ ಹಿಡಿದರೆ ಸಿಗುವ ಸಾಧ್ಯತೆ ಹೆಚ್ಚು. ಮೇಲಿನ ಉದಾಹರಣೆಯವರು ಉಪ್ಪನ್ನೂ ಇಳಿಸಿ ಅರ್ಧ ಗಂಟೆಯನ್ನೂ ಸೇರಿಸಿದರೆ ಲೆಕ್ಕ 11ಕ್ಕೆ ಬರುತ್ತದೆ. ಸಂಕಟ ತಡೆಯಲಾರದೆ ಅರ್ಧ ಗಂಟೆ ಮುಂಚೆ ಮುಗಿಸಿ ಎದ್ದು ಬರುವುದು ಇದರ ಉಲ್ಟಾ. ಇವತ್ತಿನ ನೀರು ನಾಡಿದ್ದಿಗೆ ಸೇರುತ್ತದೆ.

ಐದು ಗಂಟೆಯೋ ಮೂರನೇ ಸೆಷನ್ನೋ? ಮೂತ್ರ ಪೂರ್ತಿ ನಿಂತವರಿಗೆ ಮೂರನೇ ಸೆಷನ್ನೇ. ವಾರಕ್ಕೆ ಎರಡೇ ಸಲ ಅವರಿಗೆ ಸಾಲುವುದಿಲ್ಲ, ಬಿಪಿ ವಿಷಯ ಬಿಟ್ಟರೂ. ದಿನಗೂಲಿಯವರಿಗೆ ವಾರದ ಮೂರನೇ ದಿನವೂ ಹೋಗುವುದು ಸಣ್ಣ ಮಾತಲ್ಲ, ಅದೂ ಜೊತೆಗೊಬ್ಬರು ಬರಬೇಕಾದರೆ ಎರಡು ಕೂಲಿ. ಬಿಪಿಎಲ್ ಕಾರ್ಡ್ ಇದ್ದವರಿಗೆ 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಡಯಾಲಿಸಿಸ್ ಉಚಿತ. ಮೂರನೇ ಸೆಷನ್‌ಗೆ ಡಾಕ್ಟರ್ ಬರೆದುಕೊಟ್ಟರೆ ನಿಮ್ಮ ಸೆಂಟರಿನಲ್ಲಿ ಜಾಗ ಇದೆಯೇ ವಿಚಾರಿಸಿ. ಮೂತ್ರ ಇನ್ನೂ ಚೆನ್ನಾಗಿ ಹೋಗುತ್ತಿದ್ದರೆ ಎರಡೇ ಸಲ, ಸ್ವಲ್ಪ ಉದ್ದ ಸಾಕಾಗಬಹುದು.

ಡ್ರೈ ವೇಟ್

ಇದನ್ನು ಆಯ್ಕೆ ಅನ್ನುವುದಕ್ಕಿಂತ ಎಲ್ಲದಕ್ಕೂ ಮುಂಚಿನ ತಪಾಸಣೆ ಅನ್ನಬೇಕು. ಹೆಚ್ಚುವರಿ ನೀರು ಹೋದಮೇಲೆ ಉಳಿಯಬೇಕಾದ ತೂಕವೇ ಡ್ರೈ ವೇಟ್. ಅದನ್ನು ಆರು ತಿಂಗಳ ಹಿಂದೆ ಬರೆದಿದ್ದರೆ ಇವತ್ತಿಗೆ ಅದು ಸುಳ್ಳಿರಬಹುದು. ಡಯಾಲಿಸಿಸ್ ಶುರುವಾದಮೇಲೆ ಹಸಿವು ಬಂದು ಮೈ ಕೈ ತುಂಬಿಕೊಂಡಿದ್ದರೆ, ಹಳೆಯ ತೂಕಕ್ಕೆ ಇಳಿಸಲು ಹೋಗಿ ಇಲ್ಲದ ನೀರನ್ನು ಎಳೆಯುತ್ತಾರೆ. ಊತ ಇಲ್ಲ, ಉಸಿರು ಸರಾಗ, ಕೊನೆಯ ಗಂಟೆಯಲ್ಲಿ ಪ್ರತಿಸಲ ಬಿಪಿ ಬೀಳುತ್ತದೆ, ಕಾಲು ಹಿಡಿಯುತ್ತದೆ ಎಂದರೆ ಡ್ರೈ ವೇಟ್ ಏರಿಸಬೇಕೇ ಎಂದು ಕೇಳಿ. ಮಲಗಿದರೆ ಉಸಿರು ಕಟ್ಟುತ್ತದೆ, ಕಾಲಲ್ಲಿ ಊತ ಇದೆ, ಆದರೂ ಬಿಪಿ ಬೀಳುತ್ತದೆ ಎಂದರೆ ಡ್ರೈ ವೇಟ್ ಏರಿಸುವುದು ತಪ್ಪು. ಅವರಿಗೆ ಬೇಕಾದದ್ದು ಸಮಯ, ಜೊತೆಗೆ ಹೃದಯದ ಎಕೋ ಸ್ಕ್ಯಾನ್.

ಊಟ, ಬಿಪಿ ಮಾತ್ರೆ

ಡಯಾಲಿಸಿಸ್ ನಡೆಯುವಾಗ ಟಿಫಿನ್ ಡಬ್ಬಿ ತೆರೆಯುವ ಅಭ್ಯಾಸ ಸುಮಾರು ಕಡೆ ಇದೆ. ತಿಂದ ಕೂಡಲೇ ರಕ್ತ ಹೊಟ್ಟೆಯ ಕಡೆ ಹೋಗುತ್ತದೆ. ಅತ್ತ ಮಷೀನು ಎಳೆಯುತ್ತಿದೆ. ಬಿಪಿ ಬೀಳುವವರು ಎರಡು ಗಂಟೆ ಮುಂಚೆ ತಿಂದು ಬಂದು, ಮುಗಿದ ಮೇಲೆ ಮತ್ತೆ ತಿನ್ನುವುದು ಒಳ್ಳೆಯದು. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಇದ್ದರೆ ಶುಗರ್ ಇಳಿದು ಅದೇ ಬೆವರು, ಅದೇ ತಲೆಸುತ್ತು ಬರುತ್ತದೆ. ಅವರ ಡೋಸನ್ನು ಡಾಕ್ಟರ್ ಜೊತೆ ಮಾತಾಡಿ ಹೊಂದಿಸಬೇಕು. ಬಿಪಿ ಬೀಳದವರು, ಸೊರಗಿದವರು ಅಲ್ಲೇ ತಿಂದರೆ ತಪ್ಪಿಲ್ಲ.

ಬೆಳಗಿನ ಬಿಪಿ ಮಾತ್ರೆಯನ್ನು ಡಯಾಲಿಸಿಸ್ ದಿನ ಬಿಡಬೇಕೇ? ಎಲ್ಲರಿಗೂ ಒಂದೇ ಉತ್ತರ ಇಲ್ಲ. ಮೆಟೊಪ್ರೊಲಾಲ್, ಅಟೆನೊಲಾಲ್, ಎನಲಾಪ್ರಿಲ್ ತರಹದವು ಡಯಾಲಿಸಿಸ್‌ನಲ್ಲಿ ಸೋಸಿಹೋಗುತ್ತವೆ. ಆಮ್ಲೊಡಿಪಿನ್, ಟೆಲ್ಮಿಸಾರ್ಟನ್, ಕಾರ್ವೆಡಿಲಾಲ್ ಹೋಗುವುದಿಲ್ಲ, ಇಡೀ ಸೆಷನ್ ಕೆಲಸ ಮಾಡುತ್ತಲೇ ಇರುತ್ತವೆ. ಹಲವರಿಗೆ ರಾತ್ರಿಗೆ ಬದಲಿಸಿದರೆ ಸಾಕಾಗುತ್ತದೆ. ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಮಾತ್ರ ಅಪಾಯ. ಪ್ರಾಸ್ಟೇಟ್ ಮಾತ್ರೆಯೂ ಬಿಪಿ ಇಳಿಸಬಹುದು. ಅದನ್ನು ಕೊಟ್ಟವರು ಬೇರೆ ಡಾಕ್ಟರ್ ಆಗಿರುತ್ತಾರೆ, ನೆಫ್ರಾಲಜಿಸ್ಟ್‌ಗೆ ಗೊತ್ತೇ ಇರುವುದಿಲ್ಲ. ಎಲ್ಲ ಮಾತ್ರೆಯ ಶೀಟನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಮಷೀನಿನ ಉಪಾಯಗಳು

ಡಯಾಲಿಸಿಸ್ ದ್ರವವನ್ನು 37 ಡಿಗ್ರಿಯಿಂದ 36ಕ್ಕೋ 35.5ಕ್ಕೋ ಇಳಿಸಿದರೆ ರಕ್ತನಾಳಗಳು ಬಿಗಿಯಾಗಿ ಬಿಪಿ ನಿಲ್ಲುತ್ತದೆ. ಹಳೆಯ ಸಣ್ಣ ಅಧ್ಯಯನಗಳಲ್ಲಿ ಲಾಭ ಚೆನ್ನಾಗಿಯೇ ಕಂಡಿತ್ತು. ಕೆನಡಾದ ಒಂಟಾರಿಯೊದಲ್ಲಿ 84 ಸೆಂಟರುಗಳಲ್ಲಿ ಮಾಡಿ 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಮಾತ್ರ ಹೃದಯದ ತೊಂದರೆಯಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ. ಬಿಪಿ ಇಳಿತದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಚಳಿ ಎಂದವರು ಹೆಚ್ಚಾದರು. ಆದರೆ ಅಲ್ಲಿ ಹೋಲಿಕೆಗೆ ಇಟ್ಟ ಮಾಮೂಲಿ ದ್ರವವೇ 36.5 ಡಿಗ್ರಿಯಲ್ಲಿತ್ತು. ನಿಮ್ಮ ಮಷೀನು 37ರಲ್ಲಿ ಓಡುತ್ತಿದ್ದರೆ ಒಂದು ಡಿಗ್ರಿ ಇಳಿಸಿ ನೋಡಿ ಎಂದು ಕೇಳುವುದರಲ್ಲಿ ನಷ್ಟವಿಲ್ಲ. ಒಂದು ಗುಂಡಿ ಒತ್ತುವ ಕೆಲಸ, ಒಂದು ಕಂಬಳಿ ಒಯ್ಯಿರಿ. ಅದೊಂದರಿಂದಲೇ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ.

ಸೋಡಿಯಂ ಏರಿಸುವ ಪ್ರೊಫೈಲಿಂಗ್ ಅನ್ನುವುದು ಇನ್ನೊಂದು. ಮೊದಲು ದ್ರವದಲ್ಲಿ ಸೋಡಿಯಂ ಜಾಸ್ತಿ ಇಟ್ಟು ಆಮೇಲೆ ಇಳಿಸುತ್ತಾರೆ. ಆ ದಿನ ಬಿಪಿ ಚೆನ್ನಾಗಿ ನಿಲ್ಲುತ್ತದೆ, ಎಲ್ಲರಿಗೂ ಖುಷಿ. ಮನೆಗೆ ಹೋದಮೇಲೆ ಬಾಯಾರಿಕೆ, ಮುಂದಿನ ಸಲ ತೂಕ ಹೆಚ್ಚು. ಮಜ್ಜಿಗೆಗೆ ಹಾಕಿದ ಉಪ್ಪನ್ನು ಪೈಪಿನಲ್ಲಿ ಹಾಕಿದಂತಾಯಿತು. ಇದನ್ನು ಪ್ರತಿ ಸೆಷನ್‌ನಲ್ಲೂ ಮಾಡುತ್ತಿದ್ದರೆ ಯಾಕೆ ಎಂದು ಕೇಳಿ.

ಎಚ್‌ಡಿಎಫ್ ದುಬಾರಿ. ಹೆಚ್ಚು ಶುದ್ಧ ನೀರು, ವಿಶೇಷ ಮಷೀನು, ಚೆನ್ನಾಗಿ ಹರಿಯುವ ಫಿಸ್ಟುಲಾ ಬೇಕು. ಲಾಭ ಸುಳ್ಳಲ್ಲ. ಸ್ಪೇನಿನ ಕೆಟಲೋನಿಯಾದಲ್ಲಿ 906 ರೋಗಿಗಳ ಮೇಲೆ ಮಾಡಿ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬಿಪಿ ಬೀಳುವುದು ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಕಡಿಮೆಯಾಗಿತ್ತು. 2023ರ ಯುರೋಪಿನ ಇನ್ನೊಂದು ಪರೀಕ್ಷೆಯಲ್ಲಿ ಸಾವು ಕೂಡ ಕಡಿಮೆ: ಮಾಮೂಲಿ ಡಯಾಲಿಸಿಸ್‌ನಲ್ಲಿ 21.9 ಶೇಕಡಾ, ಎಚ್‌ಡಿಎಫ್‌ನಲ್ಲಿ 17.3. ಇನ್ಶೂರೆನ್ಸ್ ಕೊಡುತ್ತದೆ, ಸೆಂಟರ್ ಹತ್ತಿರದಲ್ಲಿದೆ ಎಂದರೆ ಧಾರಾಳವಾಗಿ ಹೋಗಿ. ಸಾಲ ಮಾಡಿ ವಾರಕ್ಕೊಂದು ಎಚ್‌ಡಿಎಫ್ ಮಾಡಿಸುವುದಾದರೆ, ಅದೇ ದುಡ್ಡಿನಲ್ಲಿ ಮಾಮೂಲಿ ಡಯಾಲಿಸಿಸ್‌ನ ಮೂರನೇ ಸೆಷನ್ ಮಾಡಿಸಿ ಅನ್ನುತ್ತೇನೆ.

ಬಿಪಿ ಏರಿಸುವ ಮಾತ್ರೆ

ಮಿಡೊಡ್ರಿನ್ ಎಂಬ ಮಾತ್ರೆ ರಕ್ತನಾಳ ಬಿಗಿ ಮಾಡುತ್ತದೆ. ಡಯಾಲಿಸಿಸ್‌ಗೆ ಅರ್ಧ ಗಂಟೆ ಮುಂಚೆ ನುಂಗುತ್ತಾರೆ. ಎದ್ದು ನಿಂತಾಗ ಬಿಪಿ ಬೀಳುವವರಿಗೆಂದು 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಔಷಧಿ ಇದು. ಡಯಾಲಿಸಿಸ್‌ನವರಿಗೆ ಡಾಕ್ಟರುಗಳು ಅನುಭವದ ಮೇಲೆ ಕೊಡುತ್ತಾರೆ. ನೆತ್ತಿ ತುರಿಸುತ್ತದೆ, ಮೈ ಜುಮ್ಮೆನ್ನುತ್ತದೆ, ಮಲಗಿದಾಗ ಬಿಪಿ ವಿಪರೀತ ಏರಬಹುದು. ಹಳೆಯ ಸಕ್ಕರೆ ಕಾಯಿಲೆಯಿಂದ ನರ ಸೋತವರಿಗೆ, ಮನೆಯಲ್ಲೂ ಬಿಪಿ 100 ದಾಟದವರಿಗೆ ಇದು ನಿಜವಾಗಿ ಬೇಕಾಗಬಹುದು. ನಾಲ್ಕು ಲೀಟರ್ ಏರಿಸಿಕೊಂಡು ಬಂದು ಮಾತ್ರೆ ನುಂಗಿ ಎಳೆಸಿಕೊಳ್ಳಲು ಅಲ್ಲ. ಬೆಳಗ್ಗೆ ಬಿಪಿ ಇಳಿಸುವ ಮಾತ್ರೆ, ಮಧ್ಯಾಹ್ನ ಏರಿಸುವ ಮಾತ್ರೆ ಎರಡೂ ಚೀಟಿಯಲ್ಲಿದ್ದರೆ ಮೊದಲು ಡಾಕ್ಟರ್ ಹತ್ತಿರ ಆ ಗೊಂದಲ ಬಿಡಿಸಿಕೊಳ್ಳಿ.

ಆಲ್ಬುಮಿನ್ ಬಾಟಲಿ ದುಬಾರಿ. ಬಿಪಿ ಬಿದ್ದಾಗ ಅದು ಸಲೈನ್‌ಗಿಂತ ಹೆಚ್ಚೇನೂ ಮಾಡುವುದಿಲ್ಲ. ಆಸ್ಪತ್ರೆಗೆ ಸೇರಿ ಆಲ್ಬುಮಿನ್ ತೀರಾ ಕುಸಿದವರ ಮಾತು ಬೇರೆ.

ಇಷ್ಟೆಲ್ಲ ಆದಮೇಲೂ ಬೀಳುತ್ತಲೇ ಇದ್ದರೆ ಹೊಟ್ಟೆಯ ಡಯಾಲಿಸಿಸ್ ಬಗ್ಗೆ ಯೋಚಿಸಿ. ಅದರಲ್ಲಿ ದಿನಕ್ಕೆ ಮೂರು ನಾಲ್ಕು ಸಲ, ಸಾಮಾನ್ಯವಾಗಿ 2 ಲೀಟರ್ ದ್ರವ ಹೊಟ್ಟೆಗೆ ಬಿಟ್ಟು ತೆಗೆಯುವುದು. ನೀರು ದಿನವಿಡೀ ನಿಧಾನಕ್ಕೆ ಹೋಗುವುದರಿಂದ ಹೀಗೆ ದಿಢೀರ್ ಬೀಳುವ ಪ್ರಶ್ನೆ ಕಡಿಮೆ. ದುರ್ಬಲ ಹೃದಯದವರಿಗೆ, ಸೆಂಟರ್ ದೂರ ಇರುವ ಮಲೆನಾಡಿನ ಹಳ್ಳಿಯವರಿಗೆ ಒಗ್ಗುತ್ತದೆ. ಬದಲಿಗೆ ಶುದ್ಧವಾದ ಒಂದು ಮೂಲೆ, ಕೈ ತೊಳೆಯುವ ಶಿಸ್ತು, ಬ್ಯಾಗುಗಳನ್ನು ಮನೆಗೆ ತಲುಪಿಸುವ ವ್ಯವಸ್ಥೆ ಬೇಕು. ಸ್ವಲ್ಪ ಎಡವಿದರೂ ಹೊಟ್ಟೆಯೊಳಗೆ ಸೋಂಕು. ನೋಡಿಕೊಳ್ಳುವವರು ಒಬ್ಬರು ಮನೆಯಲ್ಲಿ ಇಲ್ಲದಿದ್ದರೆ, ರೋಗಿಗೆ ಕಣ್ಣು ಮಂದ ಇದ್ದರೆ ನಾನು ಒತ್ತಾಯ ಮಾಡುವುದಿಲ್ಲ.

ನಿಮ್ಮದು ಯಾವುದು ಎಂದು ತಿಳಿಯಲು

ಮುಂದಿನ ಮೂರು ನಾಲ್ಕು ಸೆಷನ್‌ಗಳಲ್ಲಿ ಚಾರ್ಟಿನ ಫೋಟೋ ತೆಗೆದುಕೊಳ್ಳಿ. ಬಂದಾಗಿನ ತೂಕ, ಹೋಗುವಾಗಿನ ತೂಕ, ತೆಗೆದ ನೀರು, ಪ್ರತಿ ಗಂಟೆಯ ಬಿಪಿ ಅದರಲ್ಲಿರುತ್ತದೆ. ಲೆಕ್ಕ 13 ದಾಟಿದ್ದರೆ ಉಪ್ಪು ಮತ್ತು ಸಮಯ, ಬೇರೆ ಏನೂ ಹುಡುಕಬೇಡಿ. ಲೆಕ್ಕ 10ರೊಳಗಿದ್ದು ಕೊನೆಯ ಗಂಟೆಯಲ್ಲೇ ಬೀಳುತ್ತಿದ್ದರೆ ಡ್ರೈ ವೇಟ್ ನೋಡಿಸಿ. ತಿಂದ ಅರ್ಧ ಗಂಟೆಗೆ ಬೀಳುತ್ತಿದ್ದರೆ ಡಬ್ಬಿ. ನೀರು ಹೆಚ್ಚು ತೆಗೆಯುವ ಮೊದಲೇ, ಮೊದಲ ಗಂಟೆಯಲ್ಲೇ ಬಿದ್ದರೆ ಬೆಳಗಿನ ಮಾತ್ರೆಗಳನ್ನು ನೋಡಬೇಕು. ಹೃದಯವನ್ನೂ ನೋಡಿಸಬೇಕು.

ತಿಂಗಳುಗಟ್ಟಲೆ ಸರಿಯಿದ್ದವರಿಗೆ ಈ ವಾರ ದಿಢೀರ್ ಬೀಳಲು ಶುರುವಾದರೆ ಈ ಪಟ್ಟಿಯನ್ನು ಪಕ್ಕಕ್ಕಿಡಿ. ಎದೆನೋವು, ಜ್ವರ, ಚಳಿ, ಕಪ್ಪು ಮಲ, ಹೊಸದಾಗಿ ಏದುಸಿರು ಇದರಲ್ಲಿ ಯಾವುದಿದ್ದರೂ ಮುಂದಿನ ಸೆಷನ್‌ವರೆಗೆ ಕಾಯದೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಹೃದಯಾಘಾತ, ಹೃದಯದ ಸುತ್ತ ನೀರು ತುಂಬುವುದು, ಡಯಾಲಿಸಿಸ್‌ಗೆ ಹಾಕಿದ ನಳಿಕೆಯ (ಕ್ಯಾಥೆಟರ್) ಸೋಂಕು, ಹೊಟ್ಟೆಯೊಳಗಿನ ರಕ್ತಸ್ರಾವ ಎಲ್ಲವೂ ಮೊದಲು ಹೀಗೆ ಬಿಪಿ ಇಳಿತವಾಗಿಯೇ ಕಾಣಿಸಬಹುದು.